ಹುಲ್ಲಿನ ಪರ ಹಳೆಯ ಹಾಡುಗಳ ಸಾಕ್ಷ್ಯ

ಪುಣೆ ಬಳಿಯ ಭೋಸರಿಯ ಕಾರ್ಖಾನೆಗಳ ಸಾಲು ದಾಟಿ ದಿಘಿ ಗುಡ್ಡದ ಕಡೆ ಹೊರಳಿದರೆ ಕಾಣುವುದು ಹುಲ್ಲು, ಕಲ್ಲು, ಅಲ್ಲೊಂದು ಇಲ್ಲೊಂದು ಜಾಲಿ. ಬೀದರ್, ಕಲಬುರಗಿ, ವಿಜಯಪುರದ ಕಡೆಯಿಂದ ದುಡಿಯಲು ಬಂದ ನಮ್ಮವರಿಗೆ ಇದು ಊರಿನದೇ ನೋಟ. ಇಂಥ ನೆಲದ ಮೇಲೆ ಬ್ರಿಟಿಷರ ಕಾಲದಿಂದಲೂ ಒಂದು ಆರೋಪ ನಿಂತಿದೆ: ಇಲ್ಲಿ ಹಿಂದೆ ದಟ್ಟ ಕಾಡಿತ್ತು, ಜನ ಕಡಿದರು, ದನಕುರಿ ಮೇಯ್ದವು, ಕೊನೆಗೆ ಉಳಿದದ್ದು ಬೋಳುಗುಡ್ಡ. ಸರ್ಕಾರಿ ನಕ್ಷೆಗಳಲ್ಲಿ ಕುರುಚಲು ಬೆಳೆದ ಇಂಥ ಜಾಗ ಇಂದಿಗೂ ಪಾಳುಭೂಮಿ. ಪಶ್ಚಿಮ ಮಹಾರಾಷ್ಟ್ರದ ಮಟ್ಟಿಗೆ ಈ ಆರೋಪವನ್ನು ಪ್ರಶ್ನಿಸಿ ಆಶಿಷ್ ನೆರ್ಲೇಕರ್ ಮತ್ತು ದಿಗ್ವಿಜಯ್ ಪಾಟೀಲ್ 2025ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಯುರೋಪಿನಲ್ಲಿ ಕಾಡಿನ ಚರಿತ್ರೆ ಬರೆಯುವವರಿಗೆ ಜೌಗು ನೆಲ ಮತ್ತು ಕೆರೆಯ ಕೆಸರು ದೊಡ್ಡ ಆಸರೆ. ಸ್ವೀಡನ್ನಿನ ಲೆನ್ನಾರ್ಟ್ ಫಾನ್ ಪೋಸ್ಟ್ 1916ರಲ್ಲಿ ಪದರ ಪದರವಾಗಿ ಪರಾಗ ಎಣಿಸಿ ತೋರಿಸಿದ ಮೇಲೆ, ಹಿಮ ಕರಗಿದ ನಂತರ ಯಾವ ಮರ ಯಾವಾಗ ಬಂತು, ರೈತರ ಕೊಡಲಿ ಎಲ್ಲಿ ಬಿತ್ತು ಎಂಬುದನ್ನೆಲ್ಲ ಓದುವುದು ಸಾಧ್ಯವಾಯಿತು. ಅಷ್ಟಿದ್ದೂ ಅಲ್ಲಿ ಜಗಳ ಮುಗಿದಿಲ್ಲ. ಡಚ್ ಪರಿಸರತಜ್ಞ ಫ್ರಾನ್ಸ್ ವೇರಾ 2000ದಲ್ಲಿ, ಆ ಖಂಡದ ಆದಿಮ ಕಾಡು ಮುಚ್ಚಿದ ಚಪ್ಪರದಂತಿರಲಿಲ್ಲ, ಕಾಡುದನ ಮತ್ತು ಕುದುರೆಗಳು ಅದನ್ನು ಬಯಲು ಬಯಲಾಗಿಟ್ಟಿದ್ದವು ಎಂದು ವಾದಿಸಿದರು. ನಮ್ಮ ದಖ್ಖನಿನ ಎರೆಮಣ್ಣು ಬೇಸಿಗೆಯಲ್ಲಿ ಬಾಯಿಬಿಡುತ್ತದೆ; ಪರಾಗ ಉಳಿಯುವಂಥ ಜೌಗು ಇಲ್ಲಿ ಅಪರೂಪ. ಹಾಗಾಗಿ ನೆರ್ಲೇಕರ್ ಮತ್ತು ಪಾಟೀಲ್ ಕೆಸರಿನ ಬದಲು ಸಂತಚರಿತ್ರೆ, ಕ್ಷೇತ್ರಪುರಾಣ, ಜನಪದ ಹಾಡುಗಳನ್ನು ಅಗೆದರು. 13ನೇ ಶತಮಾನದಿಂದ ಈಚಿನ ಮರಾಠಿ ಪಠ್ಯಗಳಲ್ಲಿ ಜಾಗದ ಗುರುತಿನೊಂದಿಗೆ ಬರುವ ಕಾಡುಗಿಡಗಳನ್ನು ಆಯ್ದು ನೋಡಿದಾಗ ಸಿಕ್ಕ 44 ಜಾತಿಗಳಲ್ಲಿ 27 ಬಯಲುಸೀಮೆಯವು. ದಟ್ಟಕಾಡಿನವು ಬರೀ 3. ಅಂದರೆ ಕಡಿಮೆಯೆಂದರೂ 750 ವರ್ಷಗಳಿಂದ ಈ ಸೀಮೆ ಹುಲ್ಲಿನದೇ.

ಭಕ್ತಿಗಾಗಿ ಬರೆದವರು ಗಿಡದ ಬಗ್ಗೆ ಸುಳ್ಳು ಹೇಳಲು ಕಾರಣವಿಲ್ಲ. ದೇವರು ಪ್ರತ್ಯಕ್ಷನಾದ ಕತೆಯನ್ನು ನಂಬಲಿ ಬಿಡಲಿ, ಅದು ಯಾವ ಮುಳ್ಳುಮರದ ಬುಡದಲ್ಲಿ ನಡೆಯಿತು ಎಂದು ಕವಿ ಬರೆದದ್ದನ್ನು ನಂಬಬಹುದು. ಈ ಒಳನೋಟವೇ ಅಧ್ಯಯನದ ಜೀವಾಳ.

ಆದರೆ ಅದೇ ಜಾಗದಲ್ಲಿ ಅದರ ಕೊರತೆಯೂ ಇದೆ. ಕವಿಗಳು ನಡೆದದ್ದು ಜನರ ಹಾದಿಯಲ್ಲಿ, ಗುಡಿ ಮತ್ತು ಸಂತೆಗಳ ನಡುವೆ. ಊರ ಸುತ್ತ ಬಯಲಿದ್ದುದಕ್ಕೆ ಊರೇ ಕಾರಣವಿರಬಹುದಲ್ಲ? 750 ವರ್ಷ ಈ ನೆಲದ ಲೆಕ್ಕದಲ್ಲಿ ನಿನ್ನೆ ಮೊನ್ನೆಯ ಮಾತು. ಪುಣೆ ಜಿಲ್ಲೆಯದೇ ಇನಾಮಗಾಂವದಲ್ಲಿ ಡೆಕ್ಕನ್ ಕಾಲೇಜಿನವರು 1968ರಿಂದ ಅಗೆದು ತೆಗೆದ ಊರಿಗೆ ಸುಮಾರು 3600 ವರ್ಷ ವಯಸ್ಸು. ಅಲ್ಲಿ ಬಾರ್ಲಿ ಬೆಳೆಯುತ್ತಿದ್ದ ಜನ ಕ್ರಿ.ಪೂ. 1000ದ ಆಸುಪಾಸಿಗೆ ಚೌಕದ ಮನೆ ಬಿಟ್ಟು ದುಂಡನೆಯ ಗುಡಿಸಲಿಗೆ ಇಳಿದರು, ಬೇಸಾಯ ತಗ್ಗಿ ಬೇಟೆ ಹೆಚ್ಚಿತು. ಪುರಾತತ್ವಜ್ಞ ಎಂ.ಕೆ. ಧವಳೀಕರ್ ಇದಕ್ಕೆ ಮಳೆ ಕಡಿಮೆಯಾದದ್ದೇ ಕಾರಣ ಎಂದರು. ಗೋದಾವರಿ ಕಡಲು ಸೇರುವಲ್ಲಿನ ತಳದ ಕೆಸರನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೂ, ಸುಮಾರು 4000 ವರ್ಷಗಳ ಹಿಂದಿನಿಂದ ಒಳನಾಡಿನಲ್ಲಿ ಬರ ತಾಳುವ ಸಸ್ಯಗಳು ಹೆಚ್ಚುತ್ತ ಬಂದದ್ದನ್ನು ಕಂಡಿತು. ಹವಾಮಾನ, ನೇಗಿಲು, ಹಿಂಡು ಮೂರೂ ಇಲ್ಲಿ ಒಟ್ಟಿಗೇ ಕೆಲಸ ಮಾಡಿವೆ. ಪಾಲು ಹಂಚುವುದು ಹಾಡುಗಳ ಕೈಲಾಗದು.

ಹುಲ್ಲಿನ ಮೈಯನ್ನು ಓದಿದರೆ ಇನ್ನೂ ಹಳೆಯ ಸಾಕ್ಷಿ ಸಿಗುತ್ತದೆ. ಗುಡ್ಡ ಹತ್ತಿದವರ ಬಟ್ಟೆಗೆ ಚುಚ್ಚಿಕೊಳ್ಳುವ ಕುಸಳ ಎಂಬ ಹುಲ್ಲಿನ ಬೀಜಕ್ಕೆ ಉದ್ದನೆಯ ಬಾಲವಿದೆ. ಒಣಗಿದಾಗ ಅದು ಹುರಿಗೊಳ್ಳುತ್ತದೆ, ತೇವ ತಾಗಿದರೆ ಹುರಿ ಬಿಚ್ಚುತ್ತ ತಿರುಗುತ್ತದೆ. ಆ ತಿರುಗಾಟಕ್ಕೆ ಬೀಜದ ಚೂಪು ತುದಿ ಬೈರಿಗೆಯಂತೆ ಮಣ್ಣಿಗಿಳಿಯುತ್ತದೆ. ಮೇಲೆ ಬೆಂಕಿ ಹರಿದರೂ ಒಳಗಿನ ಬೀಜ ಉಳಿಯುತ್ತದೆ. ಬೆಂಕಿಗೂ ಬರಕ್ಕೂ ಹೀಗೆ ಒಗ್ಗಿದ ಸಸ್ಯ ಕೆಲವು ನೂರು ವರ್ಷಗಳ ಕಾಡುನಾಶದಿಂದ ಹುಟ್ಟುವಂಥದ್ದಲ್ಲ.

ಹಾಗೆಂದು ಮನುಷ್ಯನ ಕೈ ತಾಗಿಲ್ಲ ಎಂದು ಸಾಬೀತಾದರೆ ಮಾತ್ರ ಹುಲ್ಲುಗಾವಲಿಗೆ ಬೆಲೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಧನಗರರ ಕುರಿಹಿಂಡು ಶತಮಾನಗಳಿಂದ ಮೇಯುತ್ತಿರುವುದೂ ಈ ನೆಲದ ಬಾಳಿನ ಭಾಗ. ಇದನ್ನು ಮರೆತದ್ದರ ಫಲ ಪುಣೆಯ ಹಲವು ಗುಡ್ಡಗಳ ಮೇಲಿದೆ. ಹಸಿರು ಮಾಡುವ ಉತ್ಸಾಹದಲ್ಲಿ ಅಲ್ಲಿ ನೆಟ್ಟದ್ದು ಮಧ್ಯ ಅಮೆರಿಕದಿಂದ ಬಂದ ಗ್ಲಿರಿಸಿಡಿಯ, ನಮ್ಮ ರೈತರ ಗೊಬ್ಬರದ ಗಿಡ. ಹೊಲದ ಬದುವಿನಲ್ಲಿ ಅದು ಉಪಕಾರಿ. ಗುಡ್ಡದ ತುಂಬ ಒತ್ತಾಗಿ ಬೆಳೆದರೆ ಬುಡದಲ್ಲಿ ಹುಲ್ಲು ಏಳದು. ಪುಣೆಗೆ ವರ್ಷಕ್ಕೆ ಬೀಳುವುದು ಸುಮಾರು 700 ಮಿಲಿಮೀಟರ್ ಮಳೆ, ಅದೂ ಹೆಚ್ಚಿನಂಶ ನಾಲ್ಕು ತಿಂಗಳಲ್ಲಿ. ಅಷ್ಟರಲ್ಲಿ ಭಾರೀ ಮಳೆಯ ಲೋಣಾವಳದ ಕಾಡನ್ನು ಇಲ್ಲಿ ಎಬ್ಬಿಸಲು ಹೊರಡುವುದು ತಪ್ಪು ಯೋಜನೆ.

ಅಧ್ಯಯನ ಮರಾಠಿಗೇ ನಿಂತದ್ದು ನನ್ನ ದೊಡ್ಡ ತಕರಾರು. ಹುಲ್ಲು ಭಾಷೆಯ ಗಡಿಗೆ ನಿಲ್ಲುವುದಿಲ್ಲ. ಜೇಜುರಿಯ ಖಂಡೋಬ ನಮ್ಮ ಮೈಲಾರ, ಧನಗರರ ಬಿರೋಬ ನಮ್ಮ ಕುರುಬರ ಬೀರಪ್ಪ. ಜರ್ಮನ್ ವಿದ್ವಾಂಸ ಗುಂಥರ್ ಸೋಂಥೈಮರ್ ಈ ಪಶುಪಾಲಕ ದೈವಗಳ ಬೆನ್ನು ಹತ್ತಿ 1976ರಲ್ಲೇ ಪುಸ್ತಕ ಬರೆದಿದ್ದರು. ಕುರುಬರ ಹಾಲುಮತದ ಹಾಡುಗಳಲ್ಲಿ ಬರುವ ಗಿಡಮರಗಳನ್ನು ಹೀಗೆ ಜಾಗ ಹಿಡಿದು ಪಟ್ಟಿಮಾಡುವ ಕೆಲಸ ಆಗಬೇಕು. ಜೊತೆಗೆ ತುರುಗೋಳಿನಲ್ಲಿ, ಅಂದರೆ ದನ ಸೆಳೆಯುವ ಕಾಳಗದಲ್ಲಿ, ಮಡಿದವರ ವೀರಗಲ್ಲುಗಳಿವೆ. ಅವುಗಳಲ್ಲಿ ಎಷ್ಟೋ ಕಲ್ಲುಗಳಿಗೆ ಕಾಲದ ಗುರುತಿದೆ, ಊರಿನ ಹೆಸರಿದೆ, ಎಲ್ಲಕ್ಕಿಂತ ಹೆಚ್ಚಾಗಿ ಕದ್ದೊಯ್ಯುವಷ್ಟು ದನ ಅಲ್ಲಿ ಮೇಯುತ್ತಿದ್ದವು ಎಂಬ ಖಚಿತ ಸುದ್ದಿಯಿದೆ. ಅವುಗಳಲ್ಲಿ ಹಲವು ಮರಾಠಿಯ ಮೊದಲ ಸಂತಚರಿತ್ರೆಗಿಂತ ಹಳೆಯವು.