ಕಲ್ಪವೃಕ್ಷಗಳು ಮರೆಯಾದ ಮೇಲೆ

ವಿಜ್ಞಾನ ಕಾದಂಬರಿಗಳೆಂದರೆ ಯಂತ್ರ, ಯುದ್ಧ, ವಿನಾಶಗಳ ಕಥೆಗಳೆಂಬ ಭಾವನೆ ನಮ್ಮಲ್ಲಿ ರೂಢಮೂಲವಾಗಿದೆ. ಮನುಷ್ಯನು ಇಂದಿಗಿಂತ ನ್ಯಾಯವಾಗಿ ಬಾಳಬಲ್ಲನೆಂಬ ಭರವಸೆಯಿಂದ ರಚಿತವಾದ ಕೃತಿಗಳೂ ಇವೆ. ಅಂತಹ ಎರಡನ್ನು ಆದಿಪುರಾಣದ ಬೆಳಕಿನಲ್ಲಿ ಪರಿಶೀಲಿಸುವುದು ಇಲ್ಲಿಯ ಉದ್ದೇಶ.

ಬಂಗಾಳದ ಬೇಗಂ ರೊಕೆಯಾ ಅವರ 'ಸುಲ್ತಾನಾಸ್ ಡ್ರೀಮ್' ಎಂಬ ಇಂಗ್ಲಿಷ್ ಕಥೆ 1905ರಲ್ಲಿ ಮದರಾಸಿನ ಮಹಿಳಾ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಸ್ತ್ರೀಯರು ಆಳುವ ಆ ನಾಡಿನ ವಿದುಷಿಯರು ಆಗಸದಿಂದಲೇ ನೀರನ್ನು ಸಂಗ್ರಹಿಸುತ್ತಾರೆ. ಸೂರ್ಯನ ಶಾಖದಿಂದ ಅಡುಗೆ ಮಾಡುತ್ತಾರೆ. ತುಂಬಿ ಹರಿಯುವ ನದಿಯಿಲ್ಲದ, ಸಾವಿರ ಅಡಿಗೂ ಕೆಳಗೆ ಕೊಳವೆಬಾವಿ ಕೊರೆಯುವ ಚಿಂತಾಮಣಿ, ಶಿಡ್ಲಘಟ್ಟಗಳ ವಾಚಕರಿಗೆ ಈ ಕಲ್ಪನೆ ಹಿತವೆನಿಸದೆ ಇರದು. ಆದರೆ ಅಲ್ಲಿ ಪುರುಷರು ಅಂತಃಪುರದೊಳಗಿದ್ದಾರೆ. ಇದು ವ್ಯಂಗ್ಯವೆಂಬುದು ನಿಜ. ಆದರೂ ಬಂಧಿತರು ಬದಲಾದರೇ ಹೊರತು ಬಂಧನ ಅಳಿಯಲಿಲ್ಲ.

ಅಮೆರಿಕದ ಉರ್ಸುಲಾ ಲೆ ಗ್ವಿನ್ ಅವರ 'ದಿ ಡಿಸ್ಪೊಸೆಸ್ಡ್' (1974) ಇನ್ನೂ ಆಳಕ್ಕಿಳಿಯುತ್ತದೆ. ಅನಾರೆಸ್ ಎಂಬ ಬರಡು ಲೋಕದಲ್ಲಿ ಹಣವಿಲ್ಲ, ಸರ್ಕಾರವಿಲ್ಲ, ಸ್ವಂತ ಆಸ್ತಿಯಿಲ್ಲ. ಜೀವಿಗಳ ಉಳಿವಿಗೆ ಸ್ಪರ್ಧೆಯಷ್ಟೇ ಪರಸ್ಪರ ಸಹಾಯವೂ ಕಾರಣವೆಂದು 1902ರಲ್ಲಿ ಗ್ರಂಥ ಬರೆದ ರಷ್ಯದ ಕ್ರೊಪೊಟ್ಕಿನ್ ಅವರ ಅರಾಜಕತಾವಾದ ಇದರ ಹಿನ್ನೆಲೆಯಲ್ಲಿದೆ. ಅರಾಜಕತೆ ಎಂದರೆ ಇಲ್ಲಿ ಅವ್ಯವಸ್ಥೆಯಲ್ಲ, ಒಡೆಯನಿಲ್ಲದ ವ್ಯವಸ್ಥೆ. ಲೇಖಕಿಯ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಆಸ್ತಿ ಹೋದರೂ ಅಸೂಯೆ ಹೋಗಲಿಲ್ಲವೆಂದು ಅವರೇ ತೋರಿಸುತ್ತಾರೆ. ವಿಜ್ಞಾನಿ ಷೆವೆಕ್‌ನ ಶೋಧನೆಗೆ ಅಡ್ಡಿಯಾಗುವುದು ಅವನದೇ ಸಮತಾ ಸಮಾಜ.

ಇದಕ್ಕೆ ಕಾರಣವೇನು? ಬೇಲಿಯಿಂದಲೇ ಅಸಮಾನತೆ ಹುಟ್ಟಿತೆಂದು ಫ್ರೆಂಚ್ ಚಿಂತಕ ರೂಸೋ 1755ರಲ್ಲಿ ವಾದಿಸಿದರು. ಜಿನಸೇನಾಚಾರ್ಯರ ಆದಿಪುರಾಣ ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗುತ್ತದೆ. ಭೋಗಭೂಮಿಯಲ್ಲಿ ಕಲ್ಪವೃಕ್ಷಗಳು ವಿರಳವಾದಾಗ ಜನ ಕಲಹಕ್ಕಿಳಿದರು. ಆ ಬಳಿಕ ಕುಲಕರ ಸೀಮಂಕರನು ಎಲ್ಲೆ ಹಾಕಿದನು. 'ಹಾ', 'ಮಾ', 'ಧಿಕ್' ಎಂಬ ನುಡಿಗಳೇ ಅಂದಿನ ದಂಡನೆಗಳು. ಬೇಲಿಗಿಂತ ಮೊದಲು ಲೋಭವಿತ್ತು! ಆದ್ದರಿಂದಲೇ ಉಮಾಸ್ವಾಮಿಗಳು ಪರಿಗ್ರಹವನ್ನು ವಸ್ತುವಿನಲ್ಲಿ ಹೇಳದೆ ಮೂರ್ಛೆಯಲ್ಲಿ, ಅಂದರೆ ಮಮಕಾರದಲ್ಲಿ ಹೇಳಿದರು. ಆಸ್ತಿಯನ್ನು ಬಲದಿಂದ ಕಿತ್ತುಕೊಳ್ಳುವ ಸಿದ್ಧಾಂತವು ಹಿಂಸೆಯ ದೋಷಕ್ಕೆ ಒಳಗಾಗುವುದಷ್ಟೇ ಅಲ್ಲ, ರೋಗದ ಮೂಲವನ್ನೂ ಮುಟ್ಟುವುದಿಲ್ಲ.

ಆದರೆ ಈ ಉತ್ತರದಿಂದ ವರ್ತಕರಾದ ನಾವು ನೆಮ್ಮದಿ ಪಡೆಯುವಂತಿಲ್ಲ. ಮೂರ್ಛೆ ಒಳಗಿನದು, ತಿಜೋರಿ ಹೊರಗಿನದು ಎಂಬ ಸಮಾಧಾನ ಬಹಳ ಸುಲಭ. ಸಮಂತಭದ್ರಾಚಾರ್ಯರು ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳಲ್ಲಿ ಅತಿಸಂಗ್ರಹವನ್ನು ಸ್ಪಷ್ಟವಾಗಿ ಎಣಿಸಿದ್ದಾರೆ. ಬಂಡವಾಳವುಳ್ಳವನು ಆಳಕ್ಕೆ ಕೊರೆಯುತ್ತಾನೆ, ನೆರೆಯವನ ಬಾವಿ ಬತ್ತುತ್ತದೆ. 2016ರ ಮಾರ್ಚ್‌ನಲ್ಲಿ ನಮ್ಮ ಜಿಲ್ಲೆಯ ರೈತರು ಶಾಶ್ವತ ನೀರಾವರಿಗಾಗಿ ಟ್ರಾಕ್ಟರುಗಳಲ್ಲಿ ಬೆಂಗಳೂರಿನತ್ತ ಹೊರಟರು. ನೀರಿನ ಈ ಪ್ರಶ್ನೆಗೆ ಶ್ರಾವಕನ ಲೆಕ್ಕದಲ್ಲಿ ಕಾಲಂ ಎಲ್ಲಿದೆ? ಕ್ಷೇತ್ರ, ವಾಸ್ತು, ಸುವರ್ಣ, ಧಾನ್ಯಗಳಿಗೆ ಮಿತಿ ಹಾಕಿಕೊಂಡ ಗೃಹಸ್ಥನು ಅಂತರ್ಜಲಕ್ಕೆ ಮಿತಿ ಹಾಕಿಕೊಳ್ಳುವುದಿಲ್ಲ. ಈ ಕಾದಂಬರಿಗಳು ಕೇಳುವ ನಿಜವಾದ ಪ್ರಶ್ನೆ ಇದೇ: ಎಲ್ಲರಿಗೂ ಸಾಲದಿರುವಾಗ ನಿನ್ನ ಪಾಲೆಷ್ಟು?

ಯಂತ್ರವೂ ಬೇಕು, ವ್ರತವೂ ಬೇಕು. ಬಸದಿಯ ಮಾಳಿಗೆಯ ಮಳೆನೀರನ್ನು ಇಂಗಿಸುವುದು ರೊಕೆಯಾ ಅವರ ಕನಸಿಗಿಂತ ಸುಲಭದ ಕೆಲಸ. ಬಸದಿಯ ಬಾವಿಯನ್ನು ಬೀದಿಯ ಜನರಿಗೆ ತೆರೆದಿಡುವುದು ಲೆ ಗ್ವಿನ್ ಅವರ ಲೋಕಕ್ಕಿಂತ ಹತ್ತಿರದ ಸಾಧನೆ. ಈ ಚಾತುರ್ಮಾಸದಲ್ಲಿ ಪರಿಗ್ರಹ ಪರಿಮಾಣದ ಪಟ್ಟಿ ಬರೆಯುವ ಶ್ರಾವಕ ಶ್ರಾವಿಕೆಯರು ನೀರಿಗೊಂದು ಸಾಲನ್ನು ಸೇರಿಸಲಿ. ಬಸದಿಗಳ ಆಡಳಿತ ಮಂಡಳಿಗಳು ಮೊದಲು ಬರೆಯಲಿ.