ಸೊಂಟದ ಸ್ಕ್ಯಾನು, ಬೆನ್ನಿನ ಗಡ್ಡೆ

ಕಾರ್ಗಲ್, ಜೋಗದ ಕಡೆಯವರಿಗೆ ಬೆನ್ನುನೋವು ಬಂದರೆ ಮೊದಲು ಸಾಗರ. ಅಲ್ಲಿ ಬಗೆಹರಿಯದಿದ್ದರೆ ಶಿವಮೊಗ್ಗ ಇಲ್ಲವೇ ಮಣಿಪಾಲ. ಈ ದಾರಿಯಲ್ಲಿ ಈಗ ಎಂ.ಆರ್.ಐ. ಬೇಗನೇ ಎದುರಾಗುತ್ತದೆ. ನನ್ನ ತಕರಾರು ಯಂತ್ರದ ಮೇಲಲ್ಲ, ಅದಕ್ಕೆ ಚೀಟಿ ಬರೆಯುವ ರೂಢಿಯ ಮೇಲೆ.

ಬೆನ್ನುನೋವೆಂದರೆ ಸೊಂಟದ ಎಂ.ಆರ್.ಐ. ಎಂದೇ ಬರೆಯುವುದು ವಾಡಿಕೆ. ಎಲ್4-ಎಲ್5 ಡಿಸ್ಕ್ ಉಬ್ಬಿದೆ ಎಂದು ರಿಪೋರ್ಟು ಬರುತ್ತದೆ. ಯಾವ ನೋವೂ ಇಲ್ಲದ ಎಷ್ಟೋ ನಡುವಯಸ್ಕರಲ್ಲೂ ಆ ಉಬ್ಬು ಇರುತ್ತದೆ. ಆದರೆ ಬೆನ್ನುಹುರಿಯನ್ನು ಒತ್ತುವ ಮೆನಿಂಜಿಯೋಮಾ, ಸಾಮಾನ್ಯವಾಗಿ ಕ್ಯಾನ್ಸರಲ್ಲದ ಗಡ್ಡೆ, ಹೆಚ್ಚಾಗಿ ಕೂರುವುದು ಎದೆಯ ಮಟ್ಟದಲ್ಲಿ. ಅದೂ ನಡುವಯಸ್ಸು ದಾಟಿದ ಹೆಂಗಸರಲ್ಲಿ. ಸೊಂಟದ ಚಿತ್ರ ಅಲ್ಲಿಯವರೆಗೆ ಮುಟ್ಟುವುದೇ ಇಲ್ಲ. ಕಾಲು ಬಿಗಿದು ನಡಿಗೆ ತೊಡರುತ್ತಿದ್ದರೆ, ಮಂಡಿಗೆ ತಟ್ಟಿದಾಗ ಕಾಲು ಅತಿಯಾಗಿ ಚಿಮ್ಮಿದರೆ, ತೊಂದರೆ ಮೇಲೆಲ್ಲೋ ಇದೆ ಎಂದು ಡಾಕ್ಟರ ಕೈಯ ಪುಟ್ಟ ಸುತ್ತಿಗೆಯೇ ಹೇಳುತ್ತದೆ. ಇಡೀ ಬೆನ್ನಿನದೊಂದು ಉದ್ದ ಚಿತ್ರಕ್ಕೆ ಇನ್ನು ಕೆಲವೇ ನಿಮಿಷ ಸಾಕು.

ಆಸ್ಟಿಯಾಯ್ಡ್ ಆಸ್ಟಿಯೋಮಾ ಎಂಬ ಮೂಳೆಯ ಪುಟ್ಟ ಗಡ್ಡೆ ಇನ್ನೂ ಕಿಲಾಡಿ. 1935ರಲ್ಲಿ ರೋಗಶಾಸ್ತ್ರಜ್ಞ ಜಾಫೆ ಇದನ್ನು ಪ್ರತ್ಯೇಕ ಗಡ್ಡೆಯೆಂದು ಗುರುತಿಸಿದರು. ಎಳೆಯ ವಯಸ್ಸು, ರಾತ್ರಿ ಹೆಚ್ಚುವ ನೋವು, ಆಸ್ಪಿರಿನ್ ನುಂಗಿದರೆ ಶಮನ, ಒಂದು ಪಕ್ಕಕ್ಕೆ ವಾಲುವ ಬೆನ್ನು. ಗಡ್ಡೆಯ ತಿರುಳು 1.5 ಸೆಂ.ಮೀ.ಗಿಂತ ಚಿಕ್ಕದು. ದುಬಾರಿ ಎಂ.ಆರ್.ಐ. ಎಡವುವುದು ಇಲ್ಲೇ: ಸುತ್ತಲಿನ ಮಜ್ಜೆಯ ಊತವನ್ನು ಎತ್ತಿ ತೋರಿಸಿ ತಿರುಳನ್ನು ಮರೆಮಾಡುತ್ತದೆ, ಬೆನ್ನುಮೂಳೆಯ ಕ್ಷಯ ಅಪರೂಪವಲ್ಲದ ನಮ್ಮಲ್ಲಿ ಸೋಂಕಿನ ಗುಮಾನಿ ಹುಟ್ಟಿಸುತ್ತದೆ. ತೆಳುಪದರದ ಸಿ.ಟಿ.ಯಲ್ಲಿ ಅದೇ ತಿರುಳು ಸ್ಪಷ್ಟ. ಮೂಳೆಯೊಳಗಿನ ರಕ್ತನಾಳಗಳ ಗಂಟಾದ ಹೆಮಾಂಜಿಯೋಮಾದ ಕಥೆ ತಿರುಗುಮುರುಗು. ಬಹುಪಾಲು ಏನೂ ಮಾಡಬೇಕಿಲ್ಲದ ಚುಕ್ಕೆ, ರಿಪೋರ್ಟಿನಲ್ಲಿ 'ಗಡ್ಡೆ' ಎಂದು ಓದಿದ ಮನೆಯವರಿಗೆ ನಿದ್ದೆಯಿಲ್ಲ.

ಯಂತ್ರಕ್ಕಿಂತ ವಿಚಾರಣೆ ಮುಖ್ಯ ಎನ್ನಲು ಇಲ್ಲೇ ಒಂದು ಉದಾಹರಣೆಯಿದೆ. ಸಾಗರದ ಪಕ್ಕದ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಸೊಂಟ, ಬೆನ್ನಿನ ವಿಚಿತ್ರ ಕಾಯಿಲೆ ಕಾಣಿಸಿಕೊಂಡಿತು. ಅದು ಗಡ್ಡೆಯಲ್ಲ, ನಿಜ. ಗದ್ದೆಯ ಕೀಟನಾಶಕ, ಅಲ್ಲಿಯ ಏಡಿ ತಿಂದದ್ದು ಎಂಬ ಅನುಮಾನಗಳೂ ಎದ್ದಿದ್ದವು. ವಂಶದಲ್ಲಿ ಹರಿದುಬರುವ ಮೂಳೆರೋಗವೆಂಬ ತೀರ್ಮಾನಕ್ಕೆ ನೆರವಾದದ್ದು ಸಾದಾ ಎಕ್ಸ್‌ರೇ ಮತ್ತು ಮನೆಮನೆಯ ವಂಶಾವಳಿ. ಆ ತನಿಖೆಯ ಮುಂದೆ ಇವತ್ತಿನ ಅವಸರದ ಚೀಟಿ ನನಗೆ ಬಡವಾಗಿ ಕಾಣುತ್ತದೆ. 'ಬೆನ್ನುನೋವು' ಎಂಬ ಒಂದೇ ಪದದ ಬದಲು 'ರಾತ್ರಿ ಹೆಚ್ಚು, ಎರಡೂ ಕಾಲು ಬಿಗಿ, ಹೊಕ್ಕುಳ ಕೆಳಗೆ ಜೋಮು' ಎಂದು ಬರೆದು ಕಳಿಸಿದರೆ, ಯಾವ ಮಟ್ಟ ನೋಡಬೇಕು, ಚಿತ್ರ ಸ್ಪಷ್ಟವಾಗಿಸುವ ಗ್ಯಾಡೋಲಿನಿಯಂ ಚುಚ್ಚುಮದ್ದು ಕೊಡಬೇಕೇ, ಸಿ.ಟಿ. ಸೇರಿಸಬೇಕೇ ಎಂದು ರೇಡಿಯಾಲಜಿಸ್ಟ್ ರೋಗಿ ಮೇಜಿನ ಮೇಲಿರುವಾಗಲೇ ನಿರ್ಧರಿಸಬಹುದು. ಕಾರ್ಗಲ್ಲಿನವರು ಮತ್ತೊಮ್ಮೆ ಬಸ್ಸು ಹತ್ತಿ ಬರಬೇಕಾಗುವುದಿಲ್ಲ.