ಎರಡು ಬೈಬಲುಗಳ ನಡುವಿನ ಪ್ರಸಂಗ

ಕ್ರೈಸ್ತ ಪ್ರಸಂಗದ ಶೈಲಿಗಳನ್ನು ಪಂಗಡದ ಹೆಸರಿನಲ್ಲಿ ವಿಂಗಡಿಸುವುದು ರೂಢಿ: ಕ್ಯಾಥೊಲಿಕರ ಪ್ರಬೋಧನೆ, ಪ್ರಾಟೆಸ್ಟೆಂಟರ ವಚನವ್ಯಾಖ್ಯಾನ, ಪೆಂತೆಕೋಸ್ತರ ಆವೇಶಪೂರ್ಣ ಕರೆ. ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಮಟ್ಟಿಗೆ ಈ ವಿಂಗಡಣೆ ಹೆಚ್ಚು ದೂರ ಸಾಗದು. ಗದ್ವಾಲವು 1956ರವರೆಗೆ ರಾಯಚೂರು ಜಿಲ್ಲೆಯ ಭಾಗವಾಗಿತ್ತು. ಮಕ್ತಲ್, ನಾರಾಯಣಪೇಟೆಗಳಲ್ಲಿ ಕನ್ನಡ ಇಂದಿಗೂ ಅನೇಕರ ಮನೆಮಾತು. ಆದರೆ ಈ ಸೀಮೆಯಲ್ಲಿ ಬೇರೂರಿದ ಮೆನ್ನೊನೈಟ್ ಬ್ರದರನ್ ಸಭೆಯ ಪೀಠಭಾಷೆ ತೆಲುಗು. ಹಾಗಾಗಿ ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಒಂದು ಶೈಲಿ ತನ್ನ ಭಾರವನ್ನು ಯಾವುದರ ಮೇಲೆ ಇರಿಸುತ್ತದೆ, ಪದದ ಮೇಲೋ, ಘಟನೆಯ ಮೇಲೋ, ಹೇಳುವವರ ಬದುಕಿನ ಮೇಲೋ?

ವ್ಯಾಖ್ಯಾನಶೈಲಿ ಪದವನ್ನೇ ನೆಚ್ಚಿದ್ದು. ಮತ್ತಾಯನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ಸ್ನಾನಿಕ ಯೋಹಾನನು ನೀಡುವ ಕರೆಗೆ ರೂಢಿಯ ತೆಲುಗು ಬೈಬಲು ಬಳಸುವ ಪದ 'ಮಾರುಮನಸ್ಸು'. ಕನ್ನಡದ ಸತ್ಯವೇದದಲ್ಲಿರುವುದು ದೇವರ ಕಡೆಗೆ 'ತಿರುಗಿಕೊಳ್ಳುವುದು'. ಒಂದು ಮನಸ್ಸಿನ ಬದಲಾವಣೆ, ಗ್ರೀಕಿನ 'ಮೆತಾನೋಯಿಯಾ'ಕ್ಕೆ ಹತ್ತಿರ. ಇನ್ನೊಂದು ನಡಿಗೆಯ ದಿಕ್ಕಿನ ಬದಲಾವಣೆ, ಹೀಬ್ರೂವಿನ 'ಶೂವ್' ಧಾತುವಿಗೆ ಹತ್ತಿರ. ತೆಲುಗಿನಲ್ಲಿ ಮನಸ್ಸನ್ನು ಹಿಡಿದು ಅರ್ಧ ತಾಸು ಬೆಳೆಸಿದ ವ್ಯಾಖ್ಯಾನವನ್ನು ಪಕ್ಕದಲ್ಲಿ ನಿಂತ ಅನುವಾದಕ ಕನ್ನಡದ ವಚನಕ್ಕೆ ಜೋಡಿಸಹೋದರೆ ರೂಪಕವೇ ಕಳಚಿಬೀಳುತ್ತದೆ. ಆತ ವಚನವನ್ನು ಬಿಡಬೇಕು, ಇಲ್ಲವೆ ಪ್ರಸಂಗಿಯನ್ನು ಬಿಡಬೇಕು. ಮೂಲಕ್ಕೆ ಅತ್ಯಂತ ನಿಷ್ಠವೆಂದು ಹೇಳಿಕೊಳ್ಳುವ ಶೈಲಿಯೇ ಗಡಿಯಲ್ಲಿ ಒಂದು ಅನುವಾದಕ್ಕೆ ಅತಿಯಾಗಿ ಅಂಟಿಕೊಂಡಿರುವುದು ವಿಚಿತ್ರ.

ಕಥನಶೈಲಿಗೆ ಈ ತೊಡಕು ಕಡಿಮೆ. ತಪ್ಪಿಹೋದ ಮಗನನ್ನು ಕಂಡು ತಂದೆ ಓಡುವುದು ಯಾವ ಭಾಷೆಯಲ್ಲೂ ಓಡುವುದೇ. ಕಿಟೆಲ್ 1862ರ 'ಕಥಾಮಾಲೆ'ಯಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡ ಪದ್ಯಕ್ಕೆ ತಂದಾಗ ನೆಚ್ಚಿದ್ದು ಈ ಗುಣವನ್ನೇ.

ಸಾಕ್ಷಿಯ ಮಾತು ಇನ್ನೂ ಮುಂದಿನದು. ಕಾಯಿಲೆ, ಸಾಲ, ಕುಡಿತ ಬಿಟ್ಟ ಗಂಡ, ಗುಳೆ ಹೋಗಿ ಮರಳಿದ ವರ್ಷ: ಇವಕ್ಕೆ ಮೂಲಪಾಠ ಹೇಳುವವರ ಬದುಕು, ಆದ್ದರಿಂದ ಮನೆಮಾತಿಗೆ ಅಲ್ಲಿ ಯಾರ ಅಪ್ಪಣೆಯೂ ಬೇಡ. ಪ್ರಸಂಗಶಾಸ್ತ್ರ ಸಾಕ್ಷಿಯನ್ನು ಪ್ರಸಂಗದ ಪೀಠಿಕೆಯೆಂದೋ ಅನುಬಂಧವೆಂದೋ ಕಾಣುತ್ತದೆ. ಅದಕ್ಕೂ ಒಂದು ಅಲಂಕಾರಶಾಸ್ತ್ರವಿದೆ ಎಂಬುದನ್ನು ಮರೆಯುತ್ತದೆ. ಆಗಸ್ಟೀನನು ಕಲಿಸುವುದು, ರಂಜಿಸುವುದು, ಮನವೊಲಿಸುವುದು ಎಂಬ ಮೂರು ಗುರಿಗಳನ್ನು ಸಿಸಿರೋನಿಂದ ಪಡೆದು ಪ್ರಸಂಗಿಗೆ ವಿಧಿಸಿದ. ಅದೇ ಆಗಸ್ಟೀನ್ ಫುಸ್ಸಾಲ ಎಂಬ ಊರಿಗೆ ಪ್ಯೂನಿಕ್ ಭಾಷೆ ಬಲ್ಲ ಬಿಷಪ್ಪನನ್ನು ಹುಡುಕಿದ್ದೂ ಉಂಟು. ಆ ಆಯ್ಕೆ ಅವನಿಗೆ ಕೈಕೊಟ್ಟಿತೆಂಬುದು ಬೇರೆ ಮಾತು; ಲ್ಯಾಟಿನ್ನಿನ ಮಹಾವಾಗ್ಮಿಗೂ ಕೇಳುಗರ ಭಾಷೆ ಶೈಲಿಗಿಂತ ಮೊದಲಿನದಾಗಿತ್ತು.

ಪೀಠದ ಪ್ರಸಂಗವನ್ನಷ್ಟೇ ಆಕರವಾಗಿ ಹಿಡಿದ ಅಧ್ಯಯನವು ಈ ಮೂರು ಊರುಗಳನ್ನು ತೆಲುಗು ಕ್ರೈಸ್ತರ ಸೀಮೆಯೆಂದು ದಾಖಲಿಸಿ ಮುಗಿಸುತ್ತದೆ. ಪ್ರಸಂಗ ಮುಗಿದು ಸಭೆಯವರು ಎದ್ದುನಿಂತು ಮಾತಾಡುವಾಗಲೂ ಧ್ವನಿಮುದ್ರಣ ನಡೆಯುತ್ತಿದ್ದರೆ, ಅನುವಾದಕ ಎಲ್ಲಿ ತಡವರಿಸಿದ ಎಂಬುದನ್ನೂ ಬರೆದುಕೊಂಡರೆ, ಇಲ್ಲಿಯ ಕನ್ನಡ ಯಾವ ಶೈಲಿಯಲ್ಲಿ ಉಳಿದಿದೆ, ಯಾವುದರಲ್ಲಿ ಉಳಿದಿಲ್ಲ ಎಂದು ಹೇಳಲು ಆಧಾರ ಸಿಗುತ್ತದೆ.